ಯಾವ ಅಪರಾಧಕ್ಕೆ ಯಾವ ನ್ಯಾಯಾಲಯ: ವಿಜಯಪುರದಿಂದ ನೋಡಿದಾಗ

ಕೊಲ್ಹಾರದ ಬಳಿ ಕೃಷ್ಣೆಯ ಹಿನ್ನೀರನ್ನು ದಾಟುವ ಉದ್ದನೆಯ ಸೇತುವೆಯ ಉತ್ತರದ ತುದಿ ವಿಜಯಪುರ ಜಿಲ್ಲೆಯಲ್ಲಿದೆ. ದಕ್ಷಿಣ ದಂಡೆಯ ಕೊರ್ತಿ ಬಾಗಲಕೋಟೆ ಜಿಲ್ಲೆಗೆ ಸೇರಿದೆ. ಉತ್ತರ ದಂಡೆಯಲ್ಲಿ ಒಂದು ಕೊಲೆ ನಡೆದರೆ ಅದರ ವಿಚಾರಣೆ ವಿಜಯಪುರ ಜಿಲ್ಲೆಯ ಸತ್ರ ನ್ಯಾಯಾಲಯದಲ್ಲಿ ನಡೆಯುತ್ತದೆ, ಶಿಕ್ಷೆಯಾದರೆ ಮೇಲ್ಮನವಿಯು ಹೈಕೋರ್ಟಿನ ಕಲಬುರಗಿ ಪೀಠಕ್ಕೆ ಹೋಗುತ್ತದೆ. ಅದೇ ಕೊಲೆ ದಕ್ಷಿಣ ದಂಡೆಯಲ್ಲಿ ನಡೆದಿದ್ದರೆ ವಿಚಾರಣೆ ಬಾಗಲಕೋಟೆ ಜಿಲ್ಲೆಯಲ್ಲಿ, ಮೇಲ್ಮನವಿ ಧಾರವಾಡ ಪೀಠದಲ್ಲಿ. 1997ರ ಆಗಸ್ಟ್ 15ರವರೆಗೆ ಈ ಎರಡೂ ದಂಡೆಗಳು ಒಂದೇ ಜಿಲ್ಲೆಯಾಗಿದ್ದವು. ಇಂದಿಗೂ ಎರಡೂ ಕಡೆಯ ಜನರು ಬೀಗರು, ನೆಂಟರು. ಅಪರಾಧವೂ ಒಂದೇ, ಕಾನೂನಿನ ಕಲಮೂ ಒಂದೇ, ಆದರೆ ಕಡತ ಸಾಗುವ ದಾರಿ ಮಾತ್ರ ಹೊಳೆಯ ಯಾವ ಬದಿಗೆ ಘಟನೆ ನಡೆಯಿತು ಎಂಬುದರ ಮೇಲೆ ನಿಂತಿದೆ.

ಕ್ರಿಮಿನಲ್ ಪ್ರಕರಣದಲ್ಲಿ ಸಿಕ್ಕಿಕೊಂಡ ಕುಟುಂಬಗಳು, ಫಿರ್ಯಾದಿಯ ಕಡೆಯವರಾಗಲಿ ಆರೋಪಿಯ ಕಡೆಯವರಾಗಲಿ, ಮೊದಲು ಎಡವುವುದು ಇಂಥ ಪ್ರಶ್ನೆಗಳಲ್ಲಿಯೇ. ನಮ್ಮ ಕೇಸು ಇಂಡಿಯಲ್ಲಿ ಏಕೆ ನಡೆಯುತ್ತಿಲ್ಲ, ವಿಜಯಪುರಕ್ಕೆ ಏಕೆ ಹೋಯಿತು, ಜಾಮೀನನ್ನು ಈ ನ್ಯಾಯಾಧೀಶರು ಏಕೆ ಕೊಡಲಿಲ್ಲ, ಐದು ನೂರು ರೂಪಾಯಿಯ ಲಂಚಕ್ಕೆ ಜಿಲ್ಲಾ ನ್ಯಾಯಾಲಯವೇ ಏಕೆ ಬೇಕು ಎಂದು ಅವರು ಕೇಳುತ್ತಾರೆ. ಈ ಗೊಂದಲದ ಬಹುಪಾಲು ಸಿವಿಲ್ ದಾವೆಗಳ ಅನುಭವದಿಂದ ಬಂದದ್ದು ಎಂದು ನನಗೆ ಅನ್ನಿಸುತ್ತದೆ. ಹೊಲದ ವ್ಯಾಜ್ಯವನ್ನೋ ಸಾಲ ವಸೂಲಿಯನ್ನೋ ಕಂಡವರಿಗೆ ದಾವೆಯ ಬೆಲೆ ಹೆಚ್ಚಾದಂತೆ ನ್ಯಾಯಾಲಯವೂ ದೊಡ್ಡದಾಗುತ್ತದೆ ಎಂಬುದು ಗೊತ್ತು. ಕ್ರಿಮಿನಲ್ ಪ್ರಕರಣದಲ್ಲಿ ಹಣದ ಮೊತ್ತ ನ್ಯಾಯಾಲಯವನ್ನು ನಿರ್ಧರಿಸುವುದು ತೀರ ಅಪರೂಪ. ಅಲ್ಲಿ ಕೇಳಬೇಕಾದದ್ದು ಬೇರೆ: ಕೃತ್ಯವು ಯಾವ ಕಾಯ್ದೆಯ ಯಾವ ಕಲಮಿಗೆ ಬರುತ್ತದೆ, ಅದು ಎಲ್ಲಿ ನಡೆಯಿತು, ಮಾಡಿದನೆನ್ನಲಾದವನ ವಯಸ್ಸು ಎಷ್ಟು.

2024ರ ಜುಲೈ 1ರಿಂದ ಈ ವಿಷಯವನ್ನು ಆಳುತ್ತಿರುವುದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ. ಅದು 1973ರ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದಿತು. ಅದರ ಜೊತೆಗೇ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿತು. ಆ ದಿನಕ್ಕಿಂತ ಮೊದಲು ನಡೆದ ಕೃತ್ಯಗಳಿಗೆ ಹಳೆಯ ದಂಡ ಸಂಹಿತೆಯ ಕಲಮುಗಳೇ ಅನ್ವಯಿಸುವುದರಿಂದ ಇನ್ನೂ ಕೆಲವು ವರ್ಷ ನ್ಯಾಯಾಲಯದ ದಿನಚರಿ ಪಟ್ಟಿಯಲ್ಲಿ ಹಳೆಯ ಮತ್ತು ಹೊಸ ಕಲಮುಗಳು ಪಕ್ಕಪಕ್ಕದಲ್ಲಿ ಕಾಣಿಸುತ್ತವೆ. ಸುರಕ್ಷಾ ಸಂಹಿತೆಯ 6ನೇ ಕಲಮಿನ ಪ್ರಕಾರ, ಹೈಕೋರ್ಟು ಮತ್ತು ವಿಶೇಷ ಕಾಯ್ದೆಗಳ ಅಡಿಯಲ್ಲಿ ರಚನೆಯಾದ ನ್ಯಾಯಾಲಯಗಳನ್ನು ಬಿಟ್ಟು, ಪ್ರತಿಯೊಂದು ರಾಜ್ಯದಲ್ಲಿ ಸತ್ರ ನ್ಯಾಯಾಲಯಗಳು, ಪ್ರಥಮ ದರ್ಜೆ ನ್ಯಾಯಿಕ ಮ್ಯಾಜಿಸ್ಟ್ರೇಟರು, ದ್ವಿತೀಯ ದರ್ಜೆ ನ್ಯಾಯಿಕ ಮ್ಯಾಜಿಸ್ಟ್ರೇಟರು ಮತ್ತು ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರು ಇರಬೇಕು. ಹಳೆಯ ಸಂಹಿತೆಯಲ್ಲಿ ಮಹಾನಗರಗಳಿಗೆಂದೇ ಇದ್ದ ಮೆಟ್ರೊಪಾಲಿಟನ್ ಮ್ಯಾಜಿಸ್ಟ್ರೇಟ್ ಎಂಬ ವರ್ಗ ಹೊಸ ಸಂಹಿತೆಯಲ್ಲಿ ಇಲ್ಲ. ಅದು ಬೆಂಗಳೂರಿನವರಿಗೆ ಮುಖ್ಯವಾದ ಬದಲಾವಣೆ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಎಂಬ ನಮ್ಮ ಮೂರು ಜಿಲ್ಲೆಗಳಿಗೆ ಅದರಿಂದ ಏನೂ ವ್ಯತ್ಯಾಸವಾಗಲಿಲ್ಲ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಂಥ ತಾಲ್ಲೂಕು ಕೇಂದ್ರಗಳಲ್ಲಿ ಜನರು ಜೆಎಂಎಫ್‌ಸಿ ಕೋರ್ಟು ಎಂದು ಕರೆಯುವುದೇ ಪ್ರಥಮ ದರ್ಜೆ ನ್ಯಾಯಿಕ ಮ್ಯಾಜಿಸ್ಟ್ರೇಟರ ನ್ಯಾಯಾಲಯ. ಅದರ ಫಲಕದ ಮೇಲೆ ಸಾಮಾನ್ಯವಾಗಿ ‘ಸಿವಿಲ್ ನ್ಯಾಯಾಧೀಶರು ಮತ್ತು ಜೆಎಂಎಫ್‌ಸಿ’ ಎಂದು ಬರೆದಿರುತ್ತದೆ, ಏಕೆಂದರೆ ಅದೇ ಪೀಠದಲ್ಲಿ ಕುಳಿತ ಅದೇ ನ್ಯಾಯಾಧೀಶರು ಹೊಲದ ದಾವೆಯನ್ನೂ ಕಳವಿನ ಪ್ರಕರಣವನ್ನೂ ನಡೆಸುತ್ತಾರೆ. ಜಿಲ್ಲಾ ಕೇಂದ್ರದಲ್ಲಿ ಈ ಮ್ಯಾಜಿಸ್ಟ್ರೇಟರ ಪೈಕಿ ಒಬ್ಬರನ್ನು ಹೈಕೋರ್ಟು ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟರನ್ನಾಗಿ ನೇಮಿಸುತ್ತದೆ, ಅವರೇ ಸಿಜೆಎಂ. ಇವರೆಲ್ಲರ ಮೇಲೆ ಪ್ರಧಾನ ಜಿಲ್ಲಾ ಮತ್ತು ಸತ್ರ ನ್ಯಾಯಾಧೀಶರೂ ಹೆಚ್ಚುವರಿ ಸತ್ರ ನ್ಯಾಯಾಧೀಶರೂ ಇರುತ್ತಾರೆ. ಸತ್ರ ನ್ಯಾಯಾಲಯವೆಂದರೆ ಜಿಲ್ಲಾ ಕೇಂದ್ರದಲ್ಲಿಯೇ ಇರಬೇಕೆಂದಿಲ್ಲ. ಬಾಗಲಕೋಟೆ ಜಿಲ್ಲೆಯ ಜಮಖಂಡಿಯಲ್ಲಿ, ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ಮತ್ತು ಗೋಕಾಕದಲ್ಲಿ ಹೆಚ್ಚುವರಿ ಸತ್ರ ನ್ಯಾಯಾಲಯಗಳು ಕುಳಿತುಕೊಳ್ಳುತ್ತವೆ. ಬೆಳಗಾವಿಯಂಥ ವಿಸ್ತಾರವಾದ ಜಿಲ್ಲೆಯಲ್ಲಿ ಸಾಕ್ಷಿ ಹೇಳಲು ಬರುವ ರೈತನಿಗೆ ಇದರಿಂದ ಎಷ್ಟು ಅನುಕೂಲವೆಂಬುದನ್ನು ಒಂದು ವಾಯಿದೆಗಾಗಿ ಇಡೀ ದಿನ ಕಳೆದವರೇ ಬಲ್ಲರು.

ಇನ್ನು ಈ ವಿಷಯದ ನಡುಗಂಬಕ್ಕೆ ಬರೋಣ. ಒಂದು ಅಪರಾಧವನ್ನು ವಿಚಾರಣೆ ಮಾಡುವ ಅಧಿಕಾರ ಮತ್ತು ಅದಕ್ಕೆ ಶಿಕ್ಷೆ ಕೊಡುವ ಅಧಿಕಾರ, ಇವೆರಡೂ ಬೇರೆ ಬೇರೆ ಎಂಬುದು ಓದಿದವರಿಗೂ ಬೇಗ ಹೊಳೆಯುವುದಿಲ್ಲ. ಯಾವ ಕಲಮಿನ ಅಪರಾಧವನ್ನು ಯಾವ ನ್ಯಾಯಾಲಯ ವಿಚಾರಿಸಬೇಕು ಎಂಬುದನ್ನು ಸುರಕ್ಷಾ ಸಂಹಿತೆಯ ಕೊನೆಗಿರುವ ಮೊದಲನೆಯ ಅನುಸೂಚಿ ಹೇಳುತ್ತದೆ. ಅದೊಂದು ಉದ್ದನೆಯ ಕೋಷ್ಟಕ. ನ್ಯಾಯ ಸಂಹಿತೆಯ ಪ್ರತಿಯೊಂದು ಅಪರಾಧದ ಎದುರಿಗೆ ಅದಕ್ಕಿರುವ ಶಿಕ್ಷೆ, ವಾರಂಟ್ ಇಲ್ಲದೆ ಪೊಲೀಸರು ಬಂಧಿಸಬಹುದೇ, ಜಾಮೀನು ಹಕ್ಕಾಗಿ ಸಿಗುತ್ತದೆಯೇ, ಮತ್ತು ಕೊನೆಯ ಅಂಕಣದಲ್ಲಿ ಯಾವ ನ್ಯಾಯಾಲಯ ಎಂಬ ವಿವರಗಳಿವೆ. ಕೊಲೆ, ಕೊಲೆಯ ಪ್ರಯತ್ನ, ವರದಕ್ಷಿಣೆ ಸಾವು, ಅತ್ಯಾಚಾರ, ಡಕಾಯಿತಿ ಇವುಗಳ ಎದುರಿಗೆ ‘ಸತ್ರ ನ್ಯಾಯಾಲಯ’ ಎಂದಿದೆ. ಸಾದಾ ಕಳವಿನ ಎದುರಿಗೆ ‘ಯಾವುದೇ ಮ್ಯಾಜಿಸ್ಟ್ರೇಟ್’ ಎಂದಿದೆ. ಮೋಸ ಮಾಡಿ ಆಸ್ತಿಯನ್ನು ಪಡೆದುಕೊಂಡ ಅಪರಾಧದ ಎದುರಿಗೆ, ಹೆಂಡತಿಯನ್ನು ಗಂಡನೂ ಅವನ ಕಡೆಯವರೂ ಕ್ರೌರ್ಯದಿಂದ ನಡೆಸಿಕೊಂಡ ಅಪರಾಧದ ಎದುರಿಗೆ ‘ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್’ ಎಂದಿದೆ.

ಶಿಕ್ಷೆಯ ಮಿತಿಯನ್ನು ಹೇಳುವುದು ಮಾತ್ರ ಬೇರೆ ಕಲಮುಗಳು. 23ನೇ ಕಲಮಿನ ಪ್ರಕಾರ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರು ಮೂರು ವರ್ಷದವರೆಗಿನ ಕಾರಾವಾಸ, 50,000 ರೂಪಾಯಿವರೆಗಿನ ದಂಡ, ಇಲ್ಲವೆ ಎರಡನ್ನೂ ವಿಧಿಸಬಹುದು. ಹಳೆಯ ಸಂಹಿತೆಯಲ್ಲಿ ದಂಡದ ಮಿತಿ 10,000 ರೂಪಾಯಿ ಮಾತ್ರವಿತ್ತು. ದ್ವಿತೀಯ ದರ್ಜೆಯವರಿಗೆ ಒಂದು ವರ್ಷ ಮತ್ತು 10,000 ರೂಪಾಯಿ. ಕೆಲವು ಸಣ್ಣ ಅಪರಾಧಗಳಿಗೆ ಸಮುದಾಯ ಸೇವೆಯನ್ನು ಶಿಕ್ಷೆಯಾಗಿ ವಿಧಿಸುವ ಅಧಿಕಾರವನ್ನು ಹೊಸದಾಗಿ ಈ ಎರಡೂ ದರ್ಜೆಯವರಿಗೆ ಕೊಡಲಾಗಿದೆ. ಸಿಜೆಎಂ ಅವರು ಏಳು ವರ್ಷದವರೆಗೆ ಶಿಕ್ಷೆ ಕೊಡಬಹುದು. ಸತ್ರ ನ್ಯಾಯಾಧೀಶರು ಕಾನೂನಿನಲ್ಲಿರುವ ಯಾವ ಶಿಕ್ಷೆಯನ್ನಾದರೂ ವಿಧಿಸಬಹುದು, ಮರಣದಂಡನೆಯೊಂದಕ್ಕೆ ಮಾತ್ರ ಹೈಕೋರ್ಟಿನ ದೃಢೀಕರಣ ಬೇಕು.

ಈಗ ಈ ಎರಡನ್ನೂ ಒಂದರ ಮೇಲೊಂದಿಟ್ಟು ನೋಡಿದರೆ ವಿಚಿತ್ರವೆನಿಸುವ ಒಂದು ಸಂಗತಿ ಕಾಣುತ್ತದೆ. ಬದುವಿನ ಜಗಳದಲ್ಲಿ ಒಬ್ಬನು ಕುಡಗೋಲಿನಿಂದ ಇನ್ನೊಬ್ಬನ ಕೈ ಕಡಿದು ತೀವ್ರ ಗಾಯ ಮಾಡಿದನೆಂದು ಇಟ್ಟುಕೊಳ್ಳೋಣ. ಅಪಾಯಕಾರಿ ಆಯುಧದಿಂದ ತೀವ್ರ ಗಾಯ ಮಾಡುವುದಕ್ಕೆ ನ್ಯಾಯ ಸಂಹಿತೆಯ 118(2)ನೇ ಕಲಮು ಜೀವಾವಧಿಯವರೆಗೆ ಶಿಕ್ಷೆ ಇಟ್ಟಿದೆ. ಆದರೂ ಅನುಸೂಚಿಯ ಪ್ರಕಾರ ಅದನ್ನು ವಿಚಾರಿಸುವವರು ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರು, ಅಂದರೆ ಮೂರು ವರ್ಷಕ್ಕಿಂತ ಹೆಚ್ಚು ಶಿಕ್ಷೆ ಕೊಡಲಾರದವರು. ‘ಹತ್ತು ವರ್ಷದ ಕೇಸು, ತಾಲ್ಲೂಕು ಕೋರ್ಟಿನಲ್ಲಿ ಹೇಗೆ ನಡೆದೀತು’ ಎಂದು ಜನರು ವಕೀಲರನ್ನು ಅನುಮಾನದಿಂದ ನೋಡುವುದು ಇಂಥಲ್ಲಿ. ನಡೆಯುತ್ತದೆ, ಅದು ಕ್ರಮಬದ್ಧವೂ ಹೌದು. ಸಾಕ್ಷ್ಯವನ್ನೆಲ್ಲ ಕೇಳಿದ ಮೇಲೆ ಆರೋಪಿ ತಪ್ಪಿತಸ್ಥನೆಂದೂ ಅವನಿಗೆ ತಾನು ಕೊಡಬಹುದಾದ ಶಿಕ್ಷೆ ಸಾಲದೆಂದೂ ಮ್ಯಾಜಿಸ್ಟ್ರೇಟರಿಗೆ ಅನ್ನಿಸಿದರೆ, ತಮ್ಮ ಅಭಿಪ್ರಾಯವನ್ನು ಬರೆದು ಕಡತವನ್ನೂ ಆರೋಪಿಯನ್ನೂ ಸಿಜೆಎಂ ಅವರಲ್ಲಿಗೆ ಕಳುಹಿಸಲು ಕಾನೂನಿನಲ್ಲಿ ದಾರಿಯಿದೆ. ವಿಚಾರಣೆಯ ನಡುವೆಯೇ ಇದು ಸತ್ರ ನ್ಯಾಯಾಲಯದಲ್ಲಿ ನಡೆಯಬೇಕಾದ ಪ್ರಕರಣವೆಂದು ಕಂಡುಬಂದರೆ, ತೀರ್ಪಿಗೆ ಸಹಿ ಹಾಕುವ ಮೊದಲು ಯಾವ ಹಂತದಲ್ಲಾದರೂ ಅಲ್ಲಿಗೆ ಒಪ್ಪಿಸಬಹುದು. ಒಂದೇ ವಿಚಾರಣೆಯಲ್ಲಿ ಹಲವು ಅಪರಾಧಗಳು ರುಜುವಾತಾಗಿ ಶಿಕ್ಷೆಗಳು ಒಂದರ ನಂತರ ಒಂದು ಜಾರಿಯಾಗುವಂತಿದ್ದರೆ, ಒಟ್ಟು ಶಿಕ್ಷೆಯು ಆ ನ್ಯಾಯಾಲಯ ಒಂದು ಅಪರಾಧಕ್ಕೆ ಕೊಡಬಹುದಾದುದರ ಎರಡರಷ್ಟನ್ನು ಮೀರಬಾರದೆಂಬ ನಿಯಮವೂ ಇದೆ. ಹಾಗಾಗಿ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಕೈಯಲ್ಲಿ ಅದು ಆರು ವರ್ಷಕ್ಕೆ ನಿಲ್ಲುತ್ತದೆ.

ಕೊಲೆಯ ಪ್ರಕರಣವು ನೇರವಾಗಿ ಸತ್ರ ನ್ಯಾಯಾಲಯಕ್ಕೆ ಹೋಗುವುದಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಬಂಧಿತನನ್ನು, ಪ್ರಯಾಣದ ಸಮಯವನ್ನು ಬಿಟ್ಟು, 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಎದುರು ಹಾಜರುಪಡಿಸಬೇಕು. ರವಿವಾರವಾಗಲಿ ಹಬ್ಬವಾಗಲಿ ಅದಕ್ಕೆ ವಿನಾಯಿತಿಯಿಲ್ಲ. ಪೊಲೀಸರು ತನಿಖೆ ಮುಗಿಸಿ ದೋಷಾರೋಪಣ ಪಟ್ಟಿಯನ್ನು ಸಲ್ಲಿಸುವುದೂ ಅದೇ ಮ್ಯಾಜಿಸ್ಟ್ರೇಟರ ನ್ಯಾಯಾಲಯದಲ್ಲಿ. ಅಲ್ಲಿ ಆರೋಪಿಗೆ ಎಲ್ಲ ಕಾಗದಪತ್ರಗಳ ಪ್ರತಿಗಳನ್ನು ಕೊಟ್ಟ ಬಳಿಕ, ಇದು ಸತ್ರ ನ್ಯಾಯಾಲಯವೇ ವಿಚಾರಿಸಬೇಕಾದ ಅಪರಾಧವೆಂದು ಕಂಡರೆ, ಮ್ಯಾಜಿಸ್ಟ್ರೇಟರು ಪ್ರಕರಣವನ್ನು ಮೇಲಕ್ಕೆ ಒಪ್ಪಿಸುತ್ತಾರೆ. ಹೊಸ ಸಂಹಿತೆಯ 232ನೇ ಕಲಮು ಇದಕ್ಕೆ 90 ದಿನಗಳ ಗಡುವು ಹಾಕಿದೆ, ಕಾರಣ ಬರೆದಿಟ್ಟು 180 ದಿನಗಳವರೆಗೆ ವಿಸ್ತರಿಸಬಹುದು. ಈ ಹಂತದಲ್ಲಿ ಮ್ಯಾಜಿಸ್ಟ್ರೇಟರು ಸಾಕ್ಷ್ಯವನ್ನು ತೂಗಿ ನೋಡುವುದಿಲ್ಲ. ಅಲ್ಲಿಯವರೆಗೆ ಸಿಸಿ ಎಂಬ ಅಕ್ಷರಗಳೊಡನೆ ಇದ್ದ ಪ್ರಕರಣದ ಸಂಖ್ಯೆ ಮೇಲಿನ ನ್ಯಾಯಾಲಯದಲ್ಲಿ ಎಸ್‌ಸಿ ಎಂದು ಬದಲಾಗುತ್ತದೆ. ಸಂಖ್ಯೆ ಬದಲಾದದ್ದನ್ನು ಕಂಡು ಹೊಸದೊಂದು ಕೇಸು ಹಾಕಿದ್ದಾರೆಂದು ಗಾಬರಿಯಾಗುವವರು ಬಹಳ ಜನ. ಅದು ಅದೇ ಕೇಸು.

ಜಾಮೀನಿನ ಸಿಟ್ಟೂ ಇದಕ್ಕೇ ತಳಕು ಹಾಕಿಕೊಂಡಿದೆ. ಮರಣದಂಡನೆ ಇಲ್ಲವೆ ಜೀವಾವಧಿ ಶಿಕ್ಷೆಯಿರುವ ಅಪರಾಧದಲ್ಲಿ ಆರೋಪಿಯು ತಪ್ಪಿತಸ್ಥನೆಂದು ನಂಬಲು ಸಮಂಜಸವಾದ ಆಧಾರಗಳು ಕಂಡರೆ ಮ್ಯಾಜಿಸ್ಟ್ರೇಟರು ಜಾಮೀನು ಕೊಡುವಂತಿಲ್ಲ. ಮಕ್ಕಳು, ಮಹಿಳೆಯರು, ಕಾಯಿಲೆಯವರು, ಅಶಕ್ತರು ಈ ಮಾತಿಗೆ ಹೊರತು. ಸತ್ರ ನ್ಯಾಯಾಲಯಕ್ಕೂ ಹೈಕೋರ್ಟಿಗೂ ಈ ಕಟ್ಟು ಇಲ್ಲ, ಅವುಗಳ ಅಧಿಕಾರ 483ನೇ ಕಲಮಿನಲ್ಲಿ ಬೇರೆಯಾಗಿಯೇ ಇದೆ. ಬಂಧನಕ್ಕೆ ಮೊದಲೇ ಕೇಳುವ ನಿರೀಕ್ಷಣಾ ಜಾಮೀನನ್ನು ಸಹ ಈ ಎರಡು ನ್ಯಾಯಾಲಯಗಳಲ್ಲಿ ಮಾತ್ರ ಕೇಳಬಹುದು.

ಇನ್ನು ಸ್ಥಳದ ಪ್ರಶ್ನೆ. ಅಪರಾಧವು ಯಾವ ನ್ಯಾಯಾಲಯದ ಸ್ಥಳೀಯ ವ್ಯಾಪ್ತಿಯಲ್ಲಿ ನಡೆಯಿತೋ ಆ ನ್ಯಾಯಾಲಯವೇ ಸಾಮಾನ್ಯವಾಗಿ ವಿಚಾರಣೆ ಮಾಡಬೇಕು ಎಂದು 197ನೇ ಕಲಮು ಹೇಳುತ್ತದೆ. ‘ಸಾಮಾನ್ಯವಾಗಿ’ ಎಂಬ ಮಾತನ್ನು ಶಾಸಕರು ಬೇಕೆಂದೇ ಇಟ್ಟಿದ್ದಾರೆ, ಏಕೆಂದರೆ ಅದರ ಮುಂದಿನ ಕಲಮುಗಳು ತುಂಬ ಹೊರತುಗಳನ್ನು ಹೇಳುತ್ತವೆ. ಬಾಗಲಕೋಟೆಯಲ್ಲಿ ಬಸ್ಸು ಹತ್ತಿದ ಹೆಣ್ಣುಮಗಳೊಬ್ಬಳು ವಿಜಯಪುರದಲ್ಲಿ ಇಳಿದು ಚೀಲ ತೆರೆದಾಗ ಬಂಗಾರದ ಬಳೆಗಳು ಇಲ್ಲವೆಂದು ತಿಳಿಯುತ್ತದೆ. ಕಳವು ಗದ್ದನಕೇರಿಯಲ್ಲಿ ಆಯಿತೋ ಬೀಳಗಿ ಕ್ರಾಸಿನಲ್ಲಿ ಆಯಿತೋ ಸೇತುವೆ ದಾಟಿದ ಮೇಲೆ ಆಯಿತೋ ಆಕೆಗೆ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಪ್ರಯಾಣದಲ್ಲಿರುವಾಗ ನಡೆದ ಅಪರಾಧವನ್ನು, ಆ ವ್ಯಕ್ತಿ ಇಲ್ಲವೆ ಆ ವಸ್ತು ಯಾವ ಯಾವ ನ್ಯಾಯಾಲಯಗಳ ವ್ಯಾಪ್ತಿಯನ್ನು ಹಾದು ಬಂದಿತೋ ಅವುಗಳಲ್ಲಿ ಯಾವುದಾದರೂ ವಿಚಾರಿಸಬಹುದು. ಜಮಖಂಡಿಯಲ್ಲಿ ಹೊಡೆತ ತಿಂದವನು ವಿಜಯಪುರದ ಆಸ್ಪತ್ರೆಯಲ್ಲಿ ಸತ್ತರೂ ಹಾಗೆಯೇ: ಕೃತ್ಯ ನಡೆದ ಸ್ಥಳದ ನ್ಯಾಯಾಲಯಕ್ಕೂ ಅದರ ಪರಿಣಾಮ ಉಂಟಾದ ಸ್ಥಳದ ನ್ಯಾಯಾಲಯಕ್ಕೂ ಅಧಿಕಾರವಿದೆ.

ಫೋನಿನ ಮೂಲಕ ನಡೆಯುವ ಮೋಸಕ್ಕೆ ಇದೇ ತರ್ಕ ಇನ್ನಷ್ಟು ದೂರ ಸಾಗುತ್ತದೆ. ಮೋಸದ ಸಂದೇಶವನ್ನು ಎಲ್ಲಿಂದ ಕಳುಹಿಸಲಾಯಿತೋ ಅಲ್ಲಿಯ ನ್ಯಾಯಾಲಯವೂ ಎಲ್ಲಿ ಅದನ್ನು ಪಡೆಯಲಾಯಿತೋ ಅಲ್ಲಿಯ ನ್ಯಾಯಾಲಯವೂ ವಿಚಾರಿಸಬಹುದು ಎಂದು 202ನೇ ಕಲಮು ಹೇಳುತ್ತದೆ. ಸಾವಿರ ಮೈಲಿಯಾಚೆ ಕುಳಿತವನು ತಾಳಿಕೋಟೆಯ ನಿವೃತ್ತ ಶಿಕ್ಷಕರೊಬ್ಬರ ಖಾತೆಯನ್ನು ಖಾಲಿ ಮಾಡಿದರೆ, ಆ ಶಿಕ್ಷಕರು ಸಾವಿರ ಮೈಲಿ ಹೋಗಿ ದೂರು ಕೊಡಬೇಕಾಗಿಲ್ಲ. ಹಣ ಕೈಬಿಟ್ಟ ಕೂಡಲೆ ಸೈಬರ್ ವಂಚನೆಯ ಸಹಾಯವಾಣಿಯಾದ 1930ಕ್ಕೆ ಕರೆ ಮಾಡುವುದು ನ್ಯಾಯಾಲಯದ ವ್ಯಾಪ್ತಿಯನ್ನು ಯೋಚಿಸುವುದಕ್ಕಿಂತ ಮೊದಲಿನ ಕೆಲಸ.

ನಮ್ಮ ಗಡಿ ಜಿಲ್ಲೆಗಳಿಗೆ ಇದಕ್ಕಿಂತಲೂ ಹತ್ತಿರದ ಸಂಗತಿಯೊಂದಿದೆ. ಸೊಲ್ಲಾಪುರ, ಸಾಂಗಲಿ, ಕೊಲ್ಹಾಪುರಗಳಿಗೆ ಮಗಳನ್ನು ಕೊಡುವುದು ಇಲ್ಲಿ ಮನೆಮನೆಯ ಮಾತು. ಗಂಡನ ಮನೆಯ ಹಿಂಸೆ ತಾಳಲಾರದೆ ಇಂಡಿಯ ತವರಿಗೆ ಹಿಂತಿರುಗಿದ ಹೆಣ್ಣುಮಗಳಿಗೆ, ಹಿಂಸೆ ನಡೆದದ್ದು ಮಹಾರಾಷ್ಟ್ರದಲ್ಲಿ, ಅಲ್ಲಿಯೇ ಕೇಸು ಹಾಕಬೇಕು ಎಂದು ಹೇಳುವವರು ಇಂದಿಗೂ ಇದ್ದಾರೆ. ಅದು ತಪ್ಪು. 2019ರ ಏಪ್ರಿಲಿನಲ್ಲಿ ರೂಪಾಲಿ ದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠವು, ಮನೆಯಿಂದ ಹೊರದೂಡಲ್ಪಟ್ಟ ಅಥವಾ ಕ್ರೌರ್ಯದಿಂದಾಗಿ ಮನೆಬಿಟ್ಟ ಹೆಂಡತಿಯು ಆಶ್ರಯ ಪಡೆದ ಊರಿನ ನ್ಯಾಯಾಲಯವೂ, ಸಂದರ್ಭಗಳನ್ನು ನೋಡಿ, ಆ ದೂರನ್ನು ವಿಚಾರಿಸಬಹುದೆಂದು ತೀರ್ಮಾನಿಸಿದೆ. ಹೊಡೆತ ನಿಂತರೂ ಅದು ಮನಸ್ಸಿನ ಮೇಲೆ ಮಾಡಿದ ಗಾಯವು ತವರಿನಲ್ಲಿಯೂ ಮುಂದುವರಿಯುತ್ತದೆ ಎಂಬುದನ್ನು ಆ ತೀರ್ಪು ಕಾನೂನಿನ ಲೆಕ್ಕಕ್ಕೆ ತಂದಿತು. ಈ ಒಂದು ತೀರ್ಪು ನಮ್ಮ ಭಾಗದ ಪ್ರತಿ ಹಳ್ಳಿಗೂ ತಿಳಿಯಬೇಕೆಂಬುದು ನನ್ನ ಆಸೆ.

ಚೆಕ್ಕು ಅಮಾನ್ಯವಾದ ಪ್ರಕರಣಗಳ ವ್ಯಾಪ್ತಿಯನ್ನು 2015ರ ತಿದ್ದುಪಡಿ ಸ್ಪಷ್ಟಪಡಿಸಿದೆ. ತಿಕೋಟಾದ ಬೆಳೆಗಾರನೊಬ್ಬನು ಗೋಕಾಕದ ವ್ಯಾಪಾರಿಗೆ ಒಣದ್ರಾಕ್ಷಿ ಮಾರಿ, ಅವನು ಕೊಟ್ಟ ಚೆಕ್ಕನ್ನು ವಿಜಯಪುರದ ತನ್ನ ಖಾತೆಗೆ ಹಾಕಿ, ಅದು ಹಣವಿಲ್ಲವೆಂದು ಹಿಂತಿರುಗಿದರೆ, ದೂರನ್ನು ತನ್ನ ಖಾತೆಯ ಶಾಖೆಯಿರುವ ವಿಜಯಪುರದಲ್ಲಿಯೇ ಸಲ್ಲಿಸಬೇಕು. ಚೆಕ್ಕು ಹಿಂತಿರುಗಿದ ವಿಷಯ ತಿಳಿದ 30 ದಿನಗಳೊಳಗೆ ನೋಟಿಸು, ನೋಟಿಸು ತಲುಪಿದ ಮೇಲೆ ಹಣ ಕೊಡಲು 15 ದಿನ, ಕೊಡದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರಲ್ಲಿ ದೂರು, ಇದು ಅದರ ಕ್ರಮ. ಇದರಲ್ಲಿ ಪೊಲೀಸ್ ಠಾಣೆಯ ಪಾತ್ರವಿಲ್ಲ.

ಇಷ್ಟೆಲ್ಲ ಲೆಕ್ಕಾಚಾರವನ್ನು ನೊಂದವನೇ ಮಾಡಿಕೊಂಡು ಠಾಣೆಗೆ ಹೋಗಬೇಕೇ ಎಂದರೆ, ಬೇಕಾಗಿಲ್ಲ. ಸಂಜ್ಞೇಯ ಅಪರಾಧದ, ಅಂದರೆ ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧದ, ಮಾಹಿತಿಯನ್ನು, ಅದು ಎಲ್ಲಿಯೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಕೊಡಬಹುದೆಂದು 173ನೇ ಕಲಮು ಈಗ ಬಾಯಿಬಿಟ್ಟು ಹೇಳಿದೆ. ಝೀರೊ ಎಫ್‌ಐಆರ್ ಎಂದು ಕರೆಯುವುದು ಇದನ್ನೇ. ಠಾಣೆಯಲ್ಲಿ ದೂರನ್ನು ದಾಖಲಿಸಿಕೊಳ್ಳದಿದ್ದರೆ ಪೊಲೀಸ್ ಅಧೀಕ್ಷಕರಿಗೆ ಬರೆದು, ಅಲ್ಲಿಯೂ ಆಗದಿದ್ದರೆ ಪ್ರಮಾಣಪತ್ರದೊಡನೆ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಬಹುದು. ಖಾಸಗಿ ದೂರನ್ನು ಅಧಿಕಾರವಿಲ್ಲದ ಮ್ಯಾಜಿಸ್ಟ್ರೇಟರಲ್ಲಿ ಸಲ್ಲಿಸಿದರೂ ಅವರು ಅದನ್ನು ಸರಿಯಾದ ನ್ಯಾಯಾಲಯಕ್ಕೆ ಸಲ್ಲಿಸುವಂತೆ ಹಿಂಬರಹ ಬರೆದು ಹಿಂತಿರುಗಿಸುತ್ತಾರೆ. ವಿಚಾರಣೆಯು ತಪ್ಪು ಜಿಲ್ಲೆಯಲ್ಲಿ ನಡೆದುಹೋದರೂ, ಅದರಿಂದ ನ್ಯಾಯಕ್ಕೆ ಚ್ಯುತಿ ಬಂದಿದೆಯೆಂದು ತೋರಿಸಿದ ಹೊರತು ತೀರ್ಪು ಬಿದ್ದುಹೋಗುವುದಿಲ್ಲ. ಆದರೆ ಆ ಅಪರಾಧವನ್ನು ವಿಚಾರಿಸುವ ಅಧಿಕಾರವೇ ಇಲ್ಲದ ಮ್ಯಾಜಿಸ್ಟ್ರೇಟರು ನಡೆಸಿದ ವಿಚಾರಣೆ ಮಾತ್ರ ಮೂಲದಲ್ಲಿಯೇ ಶೂನ್ಯ. ಜಾಗ ತಪ್ಪಿದರೆ ಕ್ಷಮೆಯುಂಟು, ದರ್ಜೆ ತಪ್ಪಿದರೆ ಇಲ್ಲ.

ನ್ಯಾಯ ಸಂಹಿತೆಯ ಹೊರಗಿನ ಕಾಯ್ದೆಗಳ ಅಪರಾಧಗಳಿಗೆ ಅನುಸೂಚಿಯ ಎರಡನೆಯ ಭಾಗದಲ್ಲಿ ಒಂದು ಸರಳ ಅಳತೆಯಿದೆ. ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯದಾದರೆ ಯಾವುದೇ ಮ್ಯಾಜಿಸ್ಟ್ರೇಟ್, ಮೂರರಿಂದ ಏಳು ವರ್ಷದವರೆಗಿನದಾದರೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್, ಏಳಕ್ಕಿಂತ ಹೆಚ್ಚಾದರೆ ಸತ್ರ ನ್ಯಾಯಾಲಯ. ಆಯಾ ಕಾಯ್ದೆಯೇ ಬೇರೊಂದು ನ್ಯಾಯಾಲಯವನ್ನು ಹೇಳಿದ್ದರೆ ಈ ಅಳತೆಗೆ ಕೆಲಸವಿಲ್ಲ. ಒಬ್ಬನು ಲಕ್ಷ ರೂಪಾಯಿಯ ಮೋಟಾರ್ ಸೈಕಲ್ ಕದ್ದರೆ ತಾಲ್ಲೂಕಿನ ಮ್ಯಾಜಿಸ್ಟ್ರೇಟರು ವಿಚಾರಿಸುತ್ತಾರೆ. ಇನ್ನೊಬ್ಬನು ಹೆಸ್ಕಾಂನ ತಂತಿಗೆ ಕೊಕ್ಕೆ ಹಾಕಿ ಕೆಲವು ಸಾವಿರ ರೂಪಾಯಿಯ ಕರೆಂಟು ಕದ್ದರೆ, 2003ರ ವಿದ್ಯುತ್ ಕಾಯ್ದೆಯ ಅಡಿಯಲ್ಲಿ ಸತ್ರ ನ್ಯಾಯಾಧೀಶರ ದರ್ಜೆಯ ವಿಶೇಷ ನ್ಯಾಯಾಲಯ ವಿಚಾರಿಸುತ್ತದೆ. ಸರ್ಕಾರಿ ನೌಕರನು ಲೋಕಾಯುಕ್ತ ಪೊಲೀಸರ ಬಲೆಗೆ ಬಿದ್ದಾಗ ಅವನು ತೆಗೆದುಕೊಂಡದ್ದು 500 ರೂಪಾಯಿಯಾದರೂ, ಭ್ರಷ್ಟಾಚಾರ ನಿರ್ಬಂಧ ಕಾಯ್ದೆಯ ವಿಶೇಷ ನ್ಯಾಯಾಧೀಶರ ಹೊರತು ಬೇರೆ ಯಾರೂ ವಿಚಾರಿಸುವಂತಿಲ್ಲ. ಗಾಂಜಾ ಪ್ರಕರಣದಲ್ಲಿ ತೂಕವೇ ದಾರಿಯನ್ನು ಕವಲಾಗಿಸುತ್ತದೆ: ಒಂದು ಕಿಲೋದವರೆಗಿನದು ಅಲ್ಪ ಪ್ರಮಾಣ, ಗರಿಷ್ಠ ಒಂದು ವರ್ಷದ ಶಿಕ್ಷೆ, ಮ್ಯಾಜಿಸ್ಟ್ರೇಟರ ವಿಚಾರಣೆ, ಅದನ್ನು ಮೀರಿದರೆ ವಿಶೇಷ ನ್ಯಾಯಾಲಯ.

ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆಯ ವಿಶೇಷ ನ್ಯಾಯಾಲಯಕ್ಕೂ ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳಿಗಾಗಿ 2012ರಲ್ಲಿ ಬಂದ ಪೋಕ್ಸೊ ಕಾಯ್ದೆಯ ವಿಶೇಷ ನ್ಯಾಯಾಲಯಕ್ಕೂ ಮ್ಯಾಜಿಸ್ಟ್ರೇಟರು ಒಪ್ಪಿಸಿಕೊಡುವವರೆಗೆ ಕಾಯದೆ ಪ್ರಕರಣವನ್ನು ನೇರವಾಗಿ ಕೈಗೆತ್ತಿಕೊಳ್ಳುವ ಅಧಿಕಾರವಿದೆ. ದೌರ್ಜನ್ಯ ಪ್ರಕರಣಗಳಲ್ಲಿ ಈ ಅಧಿಕಾರವು 2016ರ ಜನವರಿ 26ರಂದು ಜಾರಿಗೆ ಬಂದ ತಿದ್ದುಪಡಿಯಿಂದ ಬಂದದ್ದು. ಒಪ್ಪಿಸುವ ಹಂತದಲ್ಲಿ ಕಳೆದುಹೋಗುತ್ತಿದ್ದ ತಿಂಗಳುಗಳಲ್ಲಿ ಸಾಕ್ಷಿಗಳು ಊರಿನ ಒತ್ತಡಕ್ಕೆ ಮಣಿಯುವ ಅಪಾಯವಿದ್ದುದರಿಂದ ಇದು ಬರಿಯ ತಾಂತ್ರಿಕ ಬದಲಾವಣೆಯಲ್ಲವೆಂದು ನಾನು ಭಾವಿಸುತ್ತೇನೆ.

ಕೃತ್ಯ ನಡೆದ ದಿನ 18 ತುಂಬದವನಾಗಿದ್ದರೆ ಈವರೆಗೆ ಹೇಳಿದ ಯಾವ ನ್ಯಾಯಾಲಯವೂ ಮೊದಲ ಬಾಗಿಲಲ್ಲ. ಒಬ್ಬ ಮ್ಯಾಜಿಸ್ಟ್ರೇಟರೂ ಇಬ್ಬರು ಸಮಾಜ ಕಾರ್ಯಕರ್ತರೂ, ಅವರಲ್ಲಿ ಕನಿಷ್ಠ ಒಬ್ಬರು ಮಹಿಳೆ, ಕೂಡಿರುವ ಬಾಲ ನ್ಯಾಯ ಮಂಡಳಿಯ ಎದುರಿಗೆ ಅವನನ್ನು ಕರೆತರಬೇಕು. 16 ತುಂಬಿದವನ ಮೇಲೆ ಘೋರ ಅಪರಾಧದ ಆರೋಪವಿದ್ದಾಗ ಮಂಡಳಿಯು ಪ್ರಾಥಮಿಕ ಮೌಲ್ಯಮಾಪನ ಮಾಡಿ ಮಕ್ಕಳ ನ್ಯಾಯಾಲಯಕ್ಕೆ ಕಳುಹಿಸಬಹುದು. ಶಾಲೆಯ ದಾಖಲೆಯಲ್ಲಿನ ಜನ್ಮದಿನಾಂಕ ಇಲ್ಲಿ ಎಷ್ಟು ತೂಕದ್ದೆಂಬುದು ಮಗನನ್ನು ಠಾಣೆಗೆ ಒಯ್ದ ದಿನ ಬಹಳ ತಂದೆತಾಯಿಗಳಿಗೆ ನೆನಪಾಗುವುದಿಲ್ಲ.

ಹಿರಿಯರ ಮಾತಿನಲ್ಲಿ ಮಾಮಲೇದಾರ ಕಚೇರಿ ಎಂದರೆ ಇಂದಿಗೂ ಒಂದು ನ್ಯಾಯಾಲಯ. ಮುಂಬಯಿ ಪ್ರಾಂತದ ಕಾಲದಲ್ಲಿ ಕಂದಾಯ ವಸೂಲಿ ಮಾಡುವ ಅಧಿಕಾರಿಯೇ ಮ್ಯಾಜಿಸ್ಟ್ರೇಟನೂ ಆಗಿದ್ದುದರಿಂದ ಆ ಮಾತು ಉಳಿದುಕೊಂಡಿದೆ. 1974ರ ಏಪ್ರಿಲ್ 1ರಂದು ಜಾರಿಗೆ ಬಂದ ಹಿಂದಿನ ಸಂಹಿತೆಯು ದೇಶದ ಉದ್ದಕ್ಕೂ ನ್ಯಾಯಿಕ ಮ್ಯಾಜಿಸ್ಟ್ರೇಟರನ್ನು ಹೈಕೋರ್ಟಿನ ಅಧೀನಕ್ಕೆ ತಂದು ಕಂದಾಯ ಅಧಿಕಾರಿಗಳಿಂದ ಬೇರ್ಪಡಿಸಿತು. ಈಗಿನ ತಹಶೀಲ್ದಾರರು ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರು ಮಾತ್ರ. ಜಾತ್ರೆ, ಚುನಾವಣೆ ಹತ್ತಿರವಾದಾಗ ‘ಒನ್ ನಾಟ್ ಸೆವೆನ್ ಹಾಕಿದ್ದಾರೆ’ ಎಂದು ಜನರು ಹೇಳುವ ಪ್ರಕರಣಗಳು, ಅಂದರೆ ಶಾಂತಿ ಕಾಪಾಡುವುದಾಗಿ ಮುಚ್ಚಳಿಕೆ ಬರೆಸಿಕೊಳ್ಳುವ ಪ್ರಕರಣಗಳು ಅವರಲ್ಲಿ ನಡೆಯುತ್ತವೆ. ಹೊಸ ಸಂಹಿತೆಯಲ್ಲಿ ಅದರ ಸಂಖ್ಯೆ 126. ಹಳೆಯ 144 ಈಗ 163 ಆಗಿದೆ. ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣುಮಗಳು ಸತ್ತರೆ ತಹಶೀಲ್ದಾರರು ಬಂದು ಶವ ಪಂಚನಾಮೆ ಮಾಡುವುದೂ ಈ ಅಧಿಕಾರದಿಂದಲೇ. ಆದರೆ ಯಾರನ್ನೂ ಅಪರಾಧಿಯೆಂದು ತೀರ್ಮಾನಿಸಿ ಕಳವಿಗೋ ಹೊಡೆದಾಟಕ್ಕೋ ಶಿಕ್ಷೆ ವಿಧಿಸುವ ಅಧಿಕಾರ ಅವರಿಗಿಲ್ಲ. ಮುಚ್ಚಳಿಕೆ ಬರೆದುಕೊಟ್ಟವನು ಶಿಕ್ಷೆಯಾದವನಲ್ಲ ಎಂಬುದನ್ನು ನೌಕರಿಯ ಅರ್ಜಿ ತುಂಬುವ ಹುಡುಗರು ತಿಳಿದಿರಬೇಕು.

ಮೇಲ್ಮನವಿಯ ದಾರಿ ಇದಕ್ಕಿಂತ ನೇರವಾದದ್ದು. ಮ್ಯಾಜಿಸ್ಟ್ರೇಟರು ಕೊಟ್ಟ ಶಿಕ್ಷೆಯ ವಿರುದ್ಧ ಸಾಮಾನ್ಯವಾಗಿ 30 ದಿನಗಳೊಳಗೆ ಸತ್ರ ನ್ಯಾಯಾಲಯಕ್ಕೆ, ಸತ್ರ ನ್ಯಾಯಾಲಯ ಕೊಟ್ಟ ಶಿಕ್ಷೆಯ ವಿರುದ್ಧ 60 ದಿನಗಳೊಳಗೆ ಹೈಕೋರ್ಟಿಗೆ ಹೋಗಬೇಕು. ತೀರ್ಪಿನ ದೃಢೀಕೃತ ಪ್ರತಿ ಪಡೆಯಲು ಹಿಡಿದ ಸಮಯ ಈ ಲೆಕ್ಕಕ್ಕೆ ಸೇರುವುದಿಲ್ಲ. ಧಾರವಾಡ ಮತ್ತು ಕಲಬುರಗಿಗಳಲ್ಲಿ 2008ರ ಜುಲೈನಲ್ಲಿ ಸಂಚಾರಿ ಪೀಠಗಳಾಗಿ ಆರಂಭವಾಗಿ 2013ರಲ್ಲಿ ಕಾಯಂ ಆದ ಪೀಠಗಳು ಬರುವ ಮೊದಲು ಇದಕ್ಕಾಗಿ ಬೆಂಗಳೂರಿಗೇ ಹೋಗಬೇಕಾಗಿತ್ತು. ಈಗ ಬೆಳಗಾವಿ ಮತ್ತು ಬಾಗಲಕೋಟೆಯವರಿಗೆ ಧಾರವಾಡ, ವಿಜಯಪುರದವರಿಗೆ ಕಲಬುರಗಿ. ಮರಣದಂಡನೆಯಾದರೆ ಅಪರಾಧಿಯು ಮೇಲ್ಮನವಿ ಹಾಕಲಿ ಬಿಡಲಿ, ಸತ್ರ ನ್ಯಾಯಾಧೀಶರು ಕಡತವನ್ನು ತಾವಾಗಿಯೇ ಹೈಕೋರ್ಟಿಗೆ ಕಳುಹಿಸಬೇಕು, ಅಲ್ಲಿ ಕನಿಷ್ಠ ಇಬ್ಬರು ನ್ಯಾಯಮೂರ್ತಿಗಳು ದೃಢೀಕರಿಸುವವರೆಗೆ ಶಿಕ್ಷೆ ಜಾರಿಯಾಗುವಂತಿಲ್ಲ. ಬಿಡುಗಡೆಯಾಗಿದ್ದವನನ್ನು ಮೇಲ್ಮನವಿಯಲ್ಲಿ ಹೈಕೋರ್ಟೇ ತಪ್ಪಿತಸ್ಥನೆಂದು ತೀರ್ಮಾನಿಸಿ ಮರಣದಂಡನೆ, ಜೀವಾವಧಿ ಇಲ್ಲವೆ ಹತ್ತು ವರ್ಷ ಮತ್ತು ಅದಕ್ಕಿಂತ ಹೆಚ್ಚಿನ ಶಿಕ್ಷೆ ಕೊಟ್ಟಿದ್ದರೆ ಸುಪ್ರೀಂ ಕೋರ್ಟಿಗೆ ಹೋಗುವುದು ಅವನ ಹಕ್ಕು. ಉಳಿದವರು ಅಲ್ಲಿ ಅನುಮತಿ ಕೇಳಬೇಕಾಗುತ್ತದೆ.

ಶಿಕ್ಷೆಯಾದವನಿಗೆ ತೀರ್ಪಿನ ಪ್ರತಿಯನ್ನು ಹಣ ತೆಗೆದುಕೊಳ್ಳದೆ ಕೊಡಬೇಕು. ವಿಜಯಪುರದ ದರ್ಗಾ ಜೈಲಿನಲ್ಲಿಯೋ ಬೆಳಗಾವಿಯ ಹಿಂಡಲಗಾದಲ್ಲಿಯೋ ಇರುವವನಿಗೆ ವಕೀಲರನ್ನು ಹುಡುಕುವವರು ಹೊರಗೆ ಯಾರೂ ಇಲ್ಲದಿದ್ದರೆ, ಅವನು ತನ್ನ ಮೇಲ್ಮನವಿಯನ್ನು ಜೈಲಿನ ಅಧಿಕಾರಿಯ ಕೈಗೆ ಕೊಟ್ಟರೆ ಸಾಕು, ಅದನ್ನು ಸರಿಯಾದ ನ್ಯಾಯಾಲಯಕ್ಕೆ ತಲುಪಿಸುವುದು ಆ ಅಧಿಕಾರಿಯ ಕರ್ತವ್ಯ. ಬಂಧನದಲ್ಲಿರುವವರಿಗೆ, ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯವನ್ನು ನೋಡದೆ ಉಚಿತ ವಕೀಲರನ್ನು ಕೊಡಬೇಕೆಂದು 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ ಹೇಳುತ್ತದೆ. ಅದಕ್ಕೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿಯಲ್ಲಿ ಒಂದು ಅರ್ಜಿ ಕೊಡಬಹುದು, ಅಲ್ಲಿಯವರೆಗೆ ಬರಲಾಗದವರು 15100ಕ್ಕೆ ಕರೆ ಮಾಡಬಹುದು.